ಹಳೇ ಮಾಲು, ಹಳೇ ವಾಸನೆ: ನಿಮಗಿದು ಗೊತ್ತೇ?

"ವಾಸನೆನಾ? ಎಲ್ಲಿ ಸಾರ್, ನಮಗೇನೂ ಬರ್ತಿಲ್ವಲ್ಲ!" ಸೆಕೆಂಡ್ ಹ್ಯಾಂಡ್ ಸೋಫಾ ಮಾರುವವರು ಹೀಗೆಂದರೆ ಸುಳ್ಳು ಎಂದುಕೊಳ್ಳಬೇಡಿ. ಒಂದೇ ವಾಸನೆಯ ನಡುವೆ ಕೆಲವು ನಿಮಿಷ ಇದ್ದರೆ ಸಾಕು, ಮೂಗು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನೇ ಬಿಡುತ್ತದೆ. ವರ್ಷಗಟ್ಟಲೆ ಆ ಸೋಫಾದ ಮೇಲೆ ಕೂತವರಿಗೆ ಇನ್ನೇನು ತಿಳಿದೀತು? ಆದ್ದರಿಂದ ಮೂಸಿ ನೋಡುವ ಕೆಲಸ ಬಾಗಿಲು ದಾಟಿದ ಕೂಡಲೇ ಆಗಬೇಕು. ಕಾಫಿ ಕುಡಿದು, ರೇಟು ಮಾತಾಡಿ ಮುಗಿಸುವಷ್ಟರಲ್ಲಿ ನಿಮ್ಮ ಮೂಗೂ ಮಾರುವವರ ಪಕ್ಷ ಸೇರಿರುತ್ತದೆ.

ಅತ್ತರಿನ ಅಂಗಡಿಯಲ್ಲಿ ಮೂಗು ಚುರುಕಾಗಲೆಂದು ಕಾಫಿ ಬೀಜ ಮೂಸಲು ಕೊಡುತ್ತಾರಲ್ಲ, 2011ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯೊಂದರಲ್ಲಿ ಅದಕ್ಕೂ ಬರೀ ಗಾಳಿಗೂ ವ್ಯತ್ಯಾಸ ಕಾಣಲಿಲ್ಲ. ಹೊರಗೆ ಹೋಗಿ ಒಂದು ಸುತ್ತು ಹಾಕಿ ಬನ್ನಿ, ಸಾಕು.

ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಸಿಗುವ ಹಳೇ ಪುಸ್ತಕಗಳ ವಾಸನೆ ಎರಡು ಬಗೆ. ಒಂದು ಸಿಹಿ ಸಿಹಿ, ಇನ್ನೊಂದು ಮುಗ್ಗಲು. ಸಿಹಿ ವಾಸನೆ ಬರುವುದು ಕಾಗದ ತಾನಾಗಿ ಸವೆಯುವುದರಿಂದ. ಮರದ ತಿರುಳಿನ ಅಗ್ಗದ ಕಾಗದದಲ್ಲಿ ಲಿಗ್ನಿನ್ ಇರುತ್ತದೆ. ಅದು ಒಡೆಯುತ್ತ ಹೋದಂತೆ ಹೊರಬರುವ ವಸ್ತುಗಳಲ್ಲಿ ವೆನಿಲಿನ್ ಕೂಡ ಒಂದು; ಐಸ್‌ಕ್ರೀಮಿನ ವೆನಿಲ್ಲಾ ಪರಿಮಳವೂ ಅದರದ್ದೇ. ಯೂನಿವರ್ಸಿಟಿ ಕಾಲೇಜ್ ಲಂಡನ್‌ನ ಮಾತಿಯಾ ಸ್ಟ್ರಲಿಚ್ ಮತ್ತು ಸಂಗಡಿಗರು ಪುಟದ ಚೂರನ್ನೂ ಕೀಳದೆ, ಅದರಿಂದೇಳುವ ಆವಿಯಿಂದಲೇ ಕಾಗದದ ಸ್ಥಿತಿ ಹೇಳಬಹುದೆಂದು 2009ರಲ್ಲಿ ತೋರಿಸಿದರು. 2017ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಬರ್ಮಿಂಗ್‌ಹ್ಯಾಮಿನ ಮ್ಯೂಸಿಯಂ ನೋಡಲು ಬಂದವರಿಗೆ ಹಳೇ ಪುಸ್ತಕದ ವಾಸನೆಯನ್ನು ಏನೆಂದು ಹೇಳದೆ ಮೂಸಲು ಕೊಟ್ಟರು. ಹೆಚ್ಚು ಮಂದಿಗೆ ನೆನಪಾದದ್ದು ಚಾಕೊಲೇಟ್! ಈ ವಾಸನೆಯನ್ನು ಓಡಿಸಲು ಹೊರಡುವವರ ಬಗ್ಗೆ ನನಗಂತೂ ಮರುಕ.

ಮುಗ್ಗಲು ಬೇರೆ ಕಥೆ, ಅದು ಬೂಷ್ಟಿನ ಕೆಲಸ. ಗಾಳಿಯ ತೇವಾಂಶ ಶೇ. 65 ದಾಟಿ ಹಾಗೆಯೇ ನಿಂತರೆ ಬೂಷ್ಟು ಚಿಗುರಿಕೊಳ್ಳುತ್ತದೆ. ಮಲೆನಾಡಿನಲ್ಲೋ ಕರಾವಳಿಯಲ್ಲೋ ಮಳೆಗಾಲ ಕಳೆದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಪುಸ್ತಕವನ್ನು ಮೊದಲು ಒಣಗಿದ, ಗಾಳಿಯಾಡುವ ಜಾಗದಲ್ಲಿ ಹಾಳೆ ಬಿಡಿಸಿ ನಿಲ್ಲಿಸಿ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮನೆಯ ಹೊರಗೆ ಮೆತ್ತನೆಯ ಬ್ರಷ್ಷಿನಿಂದ ಒರೆಸಿ. ಆಮೇಲೆ ಮುಚ್ಚಳವಿರುವ ಡಬ್ಬದಲ್ಲಿ ಒಂದು ಬಟ್ಟಲು ಅಡುಗೆ ಸೋಡಾ ಅಥವಾ ಇದ್ದಿಲಿನ ಪಕ್ಕ ಕೆಲವು ದಿನ ಇಡಿ. ಪುಡಿಯನ್ನು ಹಾಳೆಗಳ ನಡುವೆ ಉದುರಿಸಬೇಡಿ. ಉರಿಬಿಸಿಲೂ ಬೇಡ, ಆ ಲಿಗ್ನಿನ್ನೇ ಬಿಸಿಲಿಗೆ ಹಳದಿಯಾಗುತ್ತದೆ.

ಇದ್ದಿಲು ಎಂದರೆ ಒಲೆಯ ಇದ್ದಿಲಲ್ಲ. ವಿಶೇಷವಾಗಿ ಕಾಯಿಸಿ ತಯಾರಿಸಿದ ಸಕ್ರಿಯ ಇದ್ದಿಲಿನ ಒಂದೇ ಗ್ರಾಮಿನ ಒಳರಂಧ್ರಗಳ ಮೈಯನ್ನೆಲ್ಲ ಹರಡಿದರೆ 500 ಚದರ ಮೀಟರಿಗಿಂತ ಹೆಚ್ಚಾಗುತ್ತದೆ. ವಾಸನೆಯ ಕಣಗಳು ಅಂಟಿಕೊಳ್ಳುವುದು ಅಲ್ಲಿ. ಇದಕ್ಕೆ ಒಳ್ಳೆಯ ಕಚ್ಚಾಮಾಲು ತೆಂಗಿನ ಚಿಪ್ಪು.

ಸೋಡಾಕ್ಕೆ ವಿನೆಗರ್ ಬೆರೆಸಿ ಬುಸ್ಸೆಂದು ನೊರೆ ಎಬ್ಬಿಸಿದರೆ ಶಕ್ತಿ ಎರಡುಪಟ್ಟಾಗುತ್ತದೆಯೇ? ಇಲ್ಲ. ಒಂದು ಕ್ಷಾರ, ಇನ್ನೊಂದು ಆಮ್ಲ. ಎರಡೂ ಒಂದನ್ನೊಂದು ಮುಗಿಸಿಕೊಳ್ಳುತ್ತವೆ. ಬೆವರು, ಹಳೇ ಬೆಣ್ಣೆಯ ಕಮಟಿನಂಥ ಆಮ್ಲದ ವಾಸನೆಗೆ ಸೋಡಾ. ಮೀನಿನ ವಾಸನೆ ಕ್ಷಾರದ್ದು, ಅದಕ್ಕೆ ನಿಂಬೆ, ಹುಣಸೆ, ವಿನೆಗರ್. ಮಂಗಳೂರಿನ ಅಡುಗೆಮನೆಗೆ ಇದು ರಸಾಯನಶಾಸ್ತ್ರದ ಪುಸ್ತಕಕ್ಕಿಂತ ಮೊದಲೇ ಗೊತ್ತಿತ್ತು.

ಹಳೇ ಫ್ರಿಜ್ ಎಷ್ಟು ಒರೆಸಿದರೂ ನಾರುತ್ತಿದೆಯೇ? ಒಳಗಲ್ಲ, ಹಿಂದೆ ನೋಡಿ. ಕರಗಿದ ನೀರು ಇಳಿದು ನಿಲ್ಲುವ ತಟ್ಟೆ ಅಲ್ಲಿರುತ್ತದೆ. ಹಿಂದಿನ ಮಾಲೀಕರು ಅದನ್ನು ಕಂಡೇ ಇರಲಿಕ್ಕಿಲ್ಲ. ಬಾಗಿಲಿನ ರಬ್ಬರ್ ಮಡಿಕೆಯನ್ನೂ ಬಿಡಿಸಿ ತೊಳೆಯಿರಿ.

ಬಟ್ಟೆಗೆ ಬರೋಣ. ಮೈಯಿಂದ ಆಗಷ್ಟೇ ಹೊರಟ ಬೆವರಿಗೆ ವಾಸನೆಯೇ ಇಲ್ಲವೆನ್ನಬಹುದು. ನಾತ ಹುಟ್ಟಿಸುವುದು ಅದನ್ನು ತಿನ್ನುವ ಬ್ಯಾಕ್ಟೀರಿಯಾ. ಬೆಲ್ಜಿಯಂನ ಗೆಂಟ್ ವಿಶ್ವವಿದ್ಯಾಲಯದವರು 26 ಮಂದಿಗೆ ವ್ಯಾಯಾಮ ಮಾಡಿಸಿ, ಅವರ ಟೀ ಶರ್ಟುಗಳನ್ನು ಮೂಸಿಸಿ 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ಹತ್ತಿಗಿಂತ ಪಾಲಿಯೆಸ್ಟರ್ ಹೆಚ್ಚು ನಾರಿತ್ತು. ಮೈಕ್ರೊಕಾಕಸ್ ಎಂಬ ಬ್ಯಾಕ್ಟೀರಿಯಾಕ್ಕೆ ಅದೇ ಹೆಚ್ಚು ಹಿಡಿಸಿತ್ತು. ಇನ್ನು ಒಗೆದ ಬಟ್ಟೆ ಸರಿಯಾಗಿ ಒಣಗದೆ ಬರುವ ಹಸಿ ನಾತದ ಹಿಂದೆ ಮೊರಾಕ್ಸೆಲ್ಲಾ ಆಸ್ಲೊಯೆನ್ಸಿಸ್ ಎಂಬ ಜೀವಿ ಇದೆಯೆಂದು 2012ರಲ್ಲಿ ಜಪಾನಿನವರು ಪತ್ತೆ ಮಾಡಿದರು. ಹಳೇ ಜರ್ಕಿನ್ ಕೊಳ್ಳುವಾಗ ಕಂಕುಳ ಭಾಗ ಮೂಸಲು ಸಂಕೋಚ ಬೇಡ, ಆದರೆ ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿ ಮೂಸಿ. ತಣ್ಣಗಿದ್ದಾಗ ಅಡಗಿದ್ದದ್ದು ಆಗ ಹೊರಬರುತ್ತದೆ.

ಹಳೇ ರೇಷ್ಮೆ ಸೀರೆಯ ನುಸಿಗುಳಿಗೆ ವಾಸನೆ ನೀರಿಗೆ ಹೋಗುವುದಿಲ್ಲ. ನ್ಯಾಫ್ತಲಿನ್ ನೀರಿನಲ್ಲಿ ಕರಗುವುದೇ ಅತ್ಯಲ್ಪ. ಆದರೆ ಅದು ಕರ್ಪೂರದ ಹಾಗೆ ಗಟ್ಟಿಯಿಂದ ನೇರವಾಗಿ ಆವಿಯಾಗುತ್ತದೆ. ಹಾಗಾಗಿ ನೆರಳಿನಲ್ಲಿ, ಗಾಳಿಗೆ ತೂಗುಹಾಕಿ ಕಾಯುವುದೇ ಉಪಾಯ. ಇಲ್ಲೊಂದು ಗಂಭೀರ ಮಾತು: ಜಿ6ಪಿಡಿ ಕಿಣ್ವದ ಕೊರತೆಯಿರುವ ಹಸುಗೂಸುಗಳಿಗೆ ನುಸಿಗುಳಿಗೆಯಲ್ಲಿಟ್ಟ ಬಟ್ಟೆ ಹೊದಿಸಿದರೆ ಕೆಂಪು ರಕ್ತಕಣಗಳು ಒಡೆಯುವ ಅಪಾಯವಿದೆ. ಯುರೋಪಿಯನ್ ಒಕ್ಕೂಟ ನ್ಯಾಫ್ತಲಿನ್ ನುಸಿಗುಳಿಗೆಗಳನ್ನು 2008ರಲ್ಲೇ ನಿಷೇಧಿಸಿದೆ. ನಮ್ಮ ಅಜ್ಜಿಯರ ಲಾವಂಚದ ಬೇರು, ಒಣಗಿದ ಬೇವಿನ ಎಲೆ ಅಷ್ಟು ಜೋರಾಗಿ ಕೆಲಸ ಮಾಡದಿರಬಹುದು, ಆದರೆ ಮಗುವಿನ ತಂಟೆಗೆ ಹೋಗುವುದಿಲ್ಲ.

ಹಿಂದಿನವರು ಸಿಗರೇಟು ಸೇದುತ್ತಿದ್ದ ಕಾರು? ಹೊಗೆ ಹೋದರೂ ನಿಕೋಟಿನ್ ಸೀಟಿನಲ್ಲಿ, ಚಾವಣಿಯ ಬಟ್ಟೆಯಲ್ಲಿ ಉಳಿಯುತ್ತದೆ. ಅದು ಗಾಳಿಯಲ್ಲಿರುವ ನೈಟ್ರಸ್ ಆಮ್ಲದೊಡನೆ ಸೇರಿ ಕ್ಯಾನ್ಸರ್‌ಕಾರಕ ವಸ್ತುಗಳನ್ನು ಹುಟ್ಟಿಸುತ್ತದೆಂದು ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯ 2010ರಲ್ಲಿ ತೋರಿಸಿತು. ಡ್ಯಾಶ್‌ಬೋರ್ಡಿನ ಮೇಲೆ ಮಲ್ಲಿಗೆ ಪರಿಮಳದ ಬಾಟಲಿ ಇಟ್ಟರೆ ಮಲ್ಲಿಗೆ ಮತ್ತು ಸಿಗರೇಟು ಎರಡನ್ನೂ ಮೂಸುತ್ತೀರಿ, ಅಷ್ಟೆ.

ಕಾರಿನಲ್ಲಿ ಕೆಸರಿನ ವಾಸನೆ ಬಂದರೆ ಇನ್ನೂ ಎಚ್ಚರ. 2022ರ ಸೆಪ್ಟೆಂಬರ್ ಮಳೆಗೆ ಬೆಂಗಳೂರಿನ ಬಡಾವಣೆಗಳಲ್ಲಿ ದುಬಾರಿ ಕಾರುಗಳೂ ನೀರಲ್ಲಿ ಮುಳುಗಿದ್ದು ನೆನಪಿರಬೇಕು. ಇಂಥ ಗಾಡಿಗೆ ಹೊಸ ಕಾರ್ಪೆಟ್ ಹಾಕಿ ಸಾಲಾಗಿ ನಿಲ್ಲಿಸುವವರಿದ್ದಾರೆ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಸಾಮಾನ್ಯವಾಗಿ ಒಳಗೇ ಸುತ್ತಿಕೊಂಡಿರುವ ಆ ತುದಿಯನ್ನು ತೊಳೆಯಲು ಮರೆಯುತ್ತಾರೆ, ಕೆಸರಿನ ಗೆರೆ ಅಲ್ಲಿ ಸಿಗುತ್ತದೆ. ಹೊಸ ಕಾರ್ಪೆಟ್, ಜೋರು ಪರ್ಫ್ಯೂಮ್, ಹಳೇ ಕಾರು ಮೂರೂ ಒಟ್ಟಿಗಿದ್ದರೆ ನಾನು ಮುಂದಿನ ಗಾಡಿ ನೋಡುತ್ತೇನೆ. ಮಣ್ಣಿನ ಆ ವಾಸನೆಗೆ ಮುಖ್ಯ ಕಾರಣ ಜಿಯೋಸ್ಮಿನ್. ಲಕ್ಷ ಕೋಟಿ ಭಾಗ ನೀರಿನಲ್ಲಿ ಹತ್ತು ಭಾಗ ಇದ್ದರೂ ಮನುಷ್ಯನ ಮೂಗಿಗೆ ಸಿಗುತ್ತದೆ. ಮೊದಲ ಮಳೆಯ ಕಂಪೂ ಇದರದ್ದೇ.

ಹಳೇ ಮರದ ಬೀರುವಿನ ಒಳಮೈಗೆ ಪಾಲಿಶ್ ಇರುವುದಿಲ್ಲ. ವಾಸನೆ ಹೀರಿ ಕೂರುವುದು ಅಲ್ಲೇ. ಪೂರ್ತಿ ಒಣಗಿಸಿ ಒಳಗೆ ಅರಗಿನ ಪಾಲಿಶ್ ಹೊಡೆಸಿದರೆ ಉಳಿದದ್ದು ಒಳಗೇ ಬಂದ್. ಚನ್ನಪಟ್ಟಣದ ಬೊಂಬೆಗಳ ಹೊಳಪಿಗೂ ಇದೇ ಅರಗು.

ಹಳೇ ಕಬ್ಬಿಣದ ಕಾವಲಿ ಹಿಡಿದಾಗ ಕೈಗೆ ಅಂಟುವ ಲೋಹದ ವಾಸನೆ ಲೋಹದ್ದಲ್ಲ. ನಿಮ್ಮದೇ ಚರ್ಮದ ಜಿಡ್ಡು ಕಬ್ಬಿಣ ಸೋಕಿ ಒಡೆದಾಗ ಹುಟ್ಟುವುದು ಅದು. 2006ರಲ್ಲಿ ತಿಳಿದ ಸಂಗತಿ. ಗುಜರಿಯವನ ಮೇಲೆ ತಪ್ಪು ಹೊರಿಸಬೇಡಿ.

ಇಂಗು ಹಾಕಿಟ್ಟಿದ್ದ ಪ್ಲಾಸ್ಟಿಕ್ ಡಬ್ಬ ಪುಕ್ಕಟೆ ಕೊಟ್ಟರೂ ಬೇಡ.

ಬೆಕ್ಕಿನ ಮೂತ್ರ ಬಿದ್ದ ಹಾಸಿಗೆಗೆ ಬ್ಲೀಚ್ ಸುರಿಯಬೇಡಿ. ಮೂತ್ರದ ಅಮೋನಿಯಾ ಜತೆ ಸೇರಿ ವಿಷದ ಗಾಳಿ ಏಳುತ್ತದೆ. ಅದರ ಯೂರಿಕ್ ಆಮ್ಲದ ಹರಳುಗಳು ಬರೀ ನೀರಿಗೆ ಕರಗುವುದಿಲ್ಲ, ಮಳೆಗಾಲದಲ್ಲಿ ಮತ್ತೆ ನಾತ ಏಳುವುದು ಅದಕ್ಕೇ. ಕಿಣ್ವ ಇರುವ ಕ್ಲೀನರ್ ಬೇಕು, ಇಲ್ಲವೇ ಹಾಸಿಗೆಯನ್ನೇ ಬಿಡಬೇಕು.

ಕೊನೆಯದೊಂದು. ಹಳೇ ಮಿಕ್ಸಿ, ಗೀಸರ್, ಟೇಬಲ್ ಫ್ಯಾನನ್ನು ಪ್ಲಗ್‌ಗೆ ಹಾಕಿ ಸ್ವಲ್ಪ ಹೊತ್ತು ಓಡಿಸಿ ಮೂಸಿ. ಮೀನು ಕೊಳೆತಂಥ ವಾಸನೆ ಬಂದರೆ ಅಡುಗೆಮನೆಯತ್ತ ನೋಡಬೇಡಿ: ಕೆಲವು ವಿದ್ಯುತ್ ಭಾಗಗಳ ಪ್ಲಾಸ್ಟಿಕ್ ಅತಿಯಾಗಿ ಕಾದಾಗ ಬರುವ ವಾಸನೆ ಅದೇ. ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಚೌಕಾಸಿಯನ್ನೂ ಅಲ್ಲಿಗೇ ನಿಲ್ಲಿಸಿ.