ಪಕ್ಕದ ಮನೆಯ ಮಗು ಅಳತೆಗೋಲಲ್ಲ

ಹುಲಿಯೂರುದುರ್ಗದಲ್ಲಾಗಲಿ, ಅದರ ಸುತ್ತಣ ಹಳ್ಳಿಗಳಲ್ಲಾಗಲಿ, ಮದುವೆಮನೆಗೋ ಜಾತ್ರೆಗೋ ಮಗುವನ್ನೆತ್ತಿಕೊಂಡು ಹೋದ ತಾಯಿಗೆ ಒಂದು ಮಾತು ತಪ್ಪಿದ್ದಲ್ಲ. "ಯಾಕವ್ವಾ, ಮಗ ಇಂಗೆ ಸೊರಗೋಗೈತೆ? ಹಾಲು ಸಾಲ್ದೇನೋ" ಎಂದು ಯಾರೋ ಹಿರಿಯಾಕೆ ಕೇಳಿಬಿಡುತ್ತಾಳೆ. ಕೇಳಿದವಳಿಗೆ ಅದು ಕುಶಲಪ್ರಶ್ನೆ, ಕೇಳಿಸಿಕೊಂಡವಳಿಗೆ ತೀರ್ಪು. ಅಂದಿನಿಂದ ಅತ್ತೆಯ ಕಣ್ಣೂ ಗಂಡನ ಕಣ್ಣೂ ಮಗುವಿನ ತೋಳಿನ ಮೇಲೆ, ಪಕ್ಕೆಲುಬಿನ ಮೇಲೆ. ದೃಷ್ಟಿ ತೆಗೆಸುತ್ತಾರೆ, ತಾಯಿತ ಕಟ್ಟಿಸುತ್ತಾರೆ, ಅಂಗಡಿಯಿಂದ ಬಣ್ಣದ ಡಬ್ಬಿಯ ಪುಡಿ ತರುತ್ತಾರೆ. ಮಗುವನ್ನು ತೂಗುವುದು, ಅಳೆಯುವುದು ಮಾತ್ರ ಬಹಳ ತಡವಾಗಿ ನಡೆಯುತ್ತದೆ.

ಮಗು ಚಿಕ್ಕದಾಗಿರುವುದು ಬೇರೆ, ಬೆಳೆಯದಿರುವುದು ಬೇರೆ. ಈ ಎರಡನ್ನೂ ಒಂದೇ ಎಂದು ತಿಳಿಯುವುದರಿಂದಲೇ ಅರ್ಧ ಸಂಕಟ ಹುಟ್ಟುತ್ತದೆ. ಒಂದು ಸಾರಿ ತೂಗಿದರೆ ಮಗು ಇಂದು ಎಷ್ಟಿದೆ ಎಂಬುದಷ್ಟೇ ತಿಳಿದೀತು. ಬೆಳೆಯುತ್ತಿದೆಯೇ ಎಂಬುದನ್ನು ತಿಳಿಯಲು ಎರಡು ಅಳತೆಗಳು ಬೇಕು, ಅವುಗಳ ನಡುವೆ ಕಾಲವೂ ಕಳೆದಿರಬೇಕು. ಫ್ರಾನ್ಸಿನಲ್ಲಿ ಮಾಂಬೇಯಾರ್ ಎಂಬ ಶ್ರೀಮಂತನೊಬ್ಬ 1759ರಲ್ಲಿ ಹುಟ್ಟಿದ ತನ್ನ ಮಗನನ್ನು ಹದಿನೆಂಟು ವರ್ಷಗಳ ಕಾಲ ಸುಮಾರು ಆರು ತಿಂಗಳಿಗೊಮ್ಮೆ ಅಳೆದು ಬರೆದಿಟ್ಟ. ಬೆಳವಣಿಗೆಯನ್ನು ಕುರಿತ ಪುಸ್ತಕಗಳಲ್ಲಿ ಇಂದಿಗೂ ಆ ಹುಡುಗನ ಗೆರೆ ಅಚ್ಚಾಗುತ್ತದೆ. ಮಗು ಮೊದಲು ಧಾವಿಸಿ, ಆಮೇಲೆ ನಿಧಾನಿಸಿ, ಹರೆಯದಲ್ಲಿ ಮತ್ತೆ ಒಮ್ಮೆ ನೆಗೆಯುತ್ತದೆ ಎಂಬುದು ಅದರಲ್ಲಿ ಕಣ್ಣಿಗೆ ಕಟ್ಟುವಂತಿದೆ.

ಆ ಧಾವಂತದ ಲೆಕ್ಕವನ್ನು ಸ್ವಲ್ಪ ನೋಡೋಣ. ಹುಟ್ಟಿದಾಗ ಮಗುವಿನ ಉದ್ದ ಸುಮಾರು 50 ಸೆಂಟಿಮೀಟರು. ಮೊದಲ ವರ್ಷದಲ್ಲಿ ಅದು 25 ಸೆಂಟಿಮೀಟರು ಏರುತ್ತದೆ. ಎರಡನೆಯ ವರ್ಷದಲ್ಲಿ ಅದರ ಅರ್ಧ, ಹನ್ನೆರಡರಷ್ಟು. ನಾಲ್ಕು ವರ್ಷ ದಾಟಿದ ಮೇಲೆ ಹರೆಯ ಬರುವವರೆಗೆ ವರ್ಷಕ್ಕೆ ಐದರಿಂದ ಏಳು. ತೂಕವೂ ಹೀಗೆಯೇ. ಮೊದಲ ವರ್ಷದಲ್ಲಿ ಮೂರು ಪಟ್ಟಾಗುವ ಮಗು ಎರಡನೆಯ ವರ್ಷದಲ್ಲಿ ಎರಡೂವರೆ ಕಿಲೋ ಮಾತ್ರ ಕೂಡಿಸಿಕೊಳ್ಳುತ್ತದೆ. ಓಡಾಡಲು ಕಲಿತ ಮಗುವಿನ ಕೆನ್ನೆ ಇಳಿದು ಕಾಲು ನೀಳವಾಗುವುದು ಈ ಹೊತ್ತಿನಲ್ಲಿಯೇ. "ಹೋದ ವರ್ಷ ಗುಂಡಗಿತ್ತು, ಈಗ ನೋಡಿ" ಎಂದು ತಾಯಂದಿರು ಹಲುಬುವುದೂ ಆಗಲೇ. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಹುಟ್ಟುವಾಗಿನ ಗಾತ್ರವನ್ನು ಬಹುಮಟ್ಟಿಗೆ ತಾಯಿಯ ಗರ್ಭ ನಿರ್ಧರಿಸುತ್ತದೆ. ಮುಂದಿನ ಎತ್ತರವನ್ನು ವಂಶವೂ ಆಹಾರವೂ ನಿರ್ಧರಿಸುತ್ತವೆ. ದೊಡ್ಡದಾಗಿ ಹುಟ್ಟಿದ ಮಗು, ತಂದೆತಾಯಿಗಳು ಗಿಡ್ಡರಾಗಿದ್ದರೆ, ಮೊದಲ ಎರಡು ವರ್ಷಗಳಲ್ಲಿ ನಿಧಾನಿಸಿ ತನ್ನ ದಾರಿಗೆ ಇಳಿಯುತ್ತದೆ. ಅದು ರೋಗವಲ್ಲ. ತಿಂಗಳು ತುಂಬದೆ ಹುಟ್ಟಿದ ಮಗುವಿಗಂತೂ, ಎರಡು ವರ್ಷವಾಗುವವರೆಗೆ, ಮುಂಚಿತವಾಗಿ ಬಂದ ವಾರಗಳನ್ನು ಕಳೆದೇ ವಯಸ್ಸು ಹಿಡಿಯಬೇಕು.

ಕುಣಿಗಲ್ಲು ಟಿಪ್ಪುವಿನ ಕಾಲದಿಂದಲೂ ಕುದುರೆಗಳಿಗೆ ಹೆಸರಾದ ಊರು. ಕುದುರೆ ಸಾಕುವವರು ಮರಿಯನ್ನು ನೋಡುವ ಮೊದಲು ಅದರ ತಂದೆ ಯಾವುದು, ತಾಯಿ ಯಾವುದು ಎಂದು ಕೇಳುತ್ತಾರೆ. ಮಕ್ಕಳ ವೈದ್ಯರೂ ಅದನ್ನೇ ಕೇಳಬೇಕು. ತಂದೆತಾಯಿಗಳ ಎತ್ತರವನ್ನು ಕೂಡಿಸಿ ಎರಡರಿಂದ ಭಾಗಿಸಿ, ಗಂಡುಮಗುವಾದರೆ ಆರೂವರೆ ಸೆಂಟಿಮೀಟರು ಸೇರಿಸಿ, ಹೆಣ್ಣಾದರೆ ಅಷ್ಟನ್ನೇ ಕಳೆಯಿರಿ. ತಂದೆ 162, ತಾಯಿ 150 ಆದರೆ ಮಗ ಸುಮಾರು 162, ಮಗಳು ಸುಮಾರು 150. ಇದರ ಆಚೀಚೆ ಏಳೆಂಟು ಸೆಂಟಿಮೀಟರು ಸಹಜ. ಇಂಥ ಮನೆಯಲ್ಲಿ ಹುಟ್ಟಿದ ಹುಡುಗ ತರಗತಿಯ ಮೊದಲ ಸಾಲಿನಲ್ಲಿ ನಿಂತರೆ ಯಾರೂ ಯಾರನ್ನೂ ದೂರಬೇಕಾಗಿಲ್ಲ.

ಆದರೆ "ನಮ್ಮ ವಂಶವೇ ಗಿಡ್ಡ" ಎಂಬ ಸಮಾಧಾನಕ್ಕೂ ಒಂದು ಎಲ್ಲೆಯುಂಟು. ವಿಶ್ವ ಆರೋಗ್ಯ ಸಂಸ್ಥೆಯು 1997ರಿಂದ 2003ರವರೆಗೆ ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಒಮಾನ್, ಅಮೆರಿಕ ಈ ಆರು ದೇಶಗಳಲ್ಲಿ ಸುಮಾರು 8,500 ಮಕ್ಕಳನ್ನು ಅಳೆಯಿಸಿತು. ಭಾರತದ ಮಕ್ಕಳು ದಕ್ಷಿಣ ದೆಹಲಿಯವರು. ಎಲ್ಲರೂ ಎದೆಹಾಲು ಕುಡಿದವರು, ಹೊಟ್ಟೆಗೂ ಔಷಧಕ್ಕೂ ಕೊರತೆಯಿಲ್ಲದ ಮನೆಯವರು. ಐದು ವರ್ಷದೊಳಗೆ ಅವರೆಲ್ಲರ ಬೆಳವಣಿಗೆ ಹೆಚ್ಚುಕಡಿಮೆ ಒಂದೇ ತೆರನಾಗಿತ್ತು. 2006ರಲ್ಲಿ ಹೊರಬಂದ ನಕ್ಷೆಗಳು ಈ ಅಳತೆಗಳಿಂದಲೇ ಸಿದ್ಧವಾದವು. ಅಂಗನವಾಡಿಯಲ್ಲಿ ಇಂದು ಬಳಸುವ ಅಳತೆಯೂ ಇದೇ. ಐದು ವರ್ಷದ ಹುಡುಗ ಸುಮಾರು 110 ಸೆಂಟಿಮೀಟರು, ಹುಡುಗಿ ಅರ್ಧ ಸೆಂಟಿಮೀಟರು ಕಡಿಮೆ. ನೂರರ ಆಸುಪಾಸಿಗೆ ಇಳಿದರೆ ಕುಂಠಿತ ಬೆಳವಣಿಗೆಯ ಗೆರೆ ಬರುತ್ತದೆ.

ಈಗ ಒಂದು ಕಹಿಸಂಗತಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಸುಮಾರು 35 ಮಂದಿ ಈ ಗೆರೆಯ ಕೆಳಗಿದ್ದರು. ಮೂವರಲ್ಲಿ ಒಬ್ಬ ಮಗು ಗಿಡ್ಡವಾಗಿರುವ ಬೀದಿಯಲ್ಲಿ, ನಮ್ಮ ಮಗು ಪಕ್ಕದ ಮನೆಯ ಮಗುವಿನಷ್ಟೇ ಇದೆ ಎಂಬುದು ಯಾವ ಭರವಸೆಯನ್ನೂ ಕೊಡದು. ಪಕ್ಕದ ಮನೆಯ ಮಗು ದುಂಡಗಿದ್ದರೆ ನಮ್ಮದು ಸೊರಗಿದೆ ಎಂದೂ ಆಗದು. ಕಣ್ಣು ಎರಡು ಕಡೆಗೂ ಮೋಸ ಮಾಡುತ್ತದೆ.

ಅಂಗನವಾಡಿಯ ಯೋಜನೆ 1975ರ ಅಕ್ಟೋಬರ್ 2ರಂದು ದೇಶದಲ್ಲಿ ಮೊದಲಾಯಿತು. ನಮ್ಮ ರಾಜ್ಯದಲ್ಲಿ ಅದರ ಮೊದಲ ನೆಲೆ ತಿರುಮಕೂಡಲು ನರಸೀಪುರ. ಇಂದು ಹಳ್ಳಿಹಳ್ಳಿಯಲ್ಲೂ ತಕ್ಕಡಿ ಇದೆ, ನಕ್ಷೆ ಇದೆ. ತಿಂಗಳಿಗೊಮ್ಮೆ ತೂಗಿಸಿ ತಾಯಿ ಕಾರ್ಡಿನಲ್ಲಿ ಗುರುತು ಹಾಕಿಸಿಕೊಳ್ಳುವುದನ್ನು ಬಹುಮಂದಿ ರೇಷನ್ನಿನ ವಿಧಿಯಂತೆ ಮುಗಿಸಿಬಿಡುತ್ತಾರೆ. ಆ ಚುಕ್ಕೆಗಳನ್ನು ಸೇರಿಸುವ ಗೆರೆಯನ್ನು ತಂದೆತಾಯಿಗಳೇ ಓದಬೇಕು. ಕೆಳಗಿನ ಗೆರೆಯ ಬಳಿಯೇ ಇದ್ದರೂ ಅದಕ್ಕೆ ಸಮನಾಗಿ ಮೇಲೇರುತ್ತಿದ್ದರೆ ಮಗು ಬೆಳೆಯುತ್ತಿದೆ. ಮೊನ್ನೆಯವರೆಗೆ ನಡುವಿನಲ್ಲಿದ್ದ ಗೆರೆ ಮಟ್ಟಸವಾಗಿ ಮಲಗಿದರೆ, ಅಥವಾ ಒಂದೊಂದೇ ಗೆರೆಯನ್ನು ದಾಟಿ ಕೆಳಗಿಳಿದರೆ, ಮಗು ನೋಡಲು ದುಂಡಗಿದ್ದರೂ ಅಲ್ಲಿ ಏನೋ ಆಗಿದೆ.

ಏನಾಗಿರುತ್ತದೆ? ಹೆಚ್ಚಿನ ಕಡೆ ಊಟದ ಕಥೆಯೇ. ಆರು ತಿಂಗಳು ತುಂಬಿದ ಮೇಲೆ ಎದೆಹಾಲಿನ ಜೊತೆಗೆ ಬೇರೆ ಆಹಾರವೂ ಬೇಕು. ನಮ್ಮ ಸೀಮೆಯಲ್ಲಿ ರಾಗಿಸರಿಗೆ ಬರವಿಲ್ಲ; ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ, ಅದೂ ಒಳ್ಳೆಯದೇ. ತೊಡಕಿರುವುದು ನೀರಿನಲ್ಲಿ. ಹಸಿಹಿಟ್ಟಿನ ಸರಿ ಬೇಯುತ್ತ ಗಟ್ಟಿಯಾಗುತ್ತದೆ. ಮಗು ನುಂಗದೆಂದು ತಾಯಿ ನೀರು ಹೊಯ್ಯುತ್ತಾಳೆ. ಪುಟ್ಟ ಹೊಟ್ಟೆ ನೀರಿನಿಂದಲೇ ತುಂಬುತ್ತದೆ. ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಹದವಾಗಿ ಹುರಿದು ಬೀಸಿದರೆ, ಮೊಳಕೆಯಲ್ಲಿ ಹುಟ್ಟುವ ಕಿಣ್ವವು ಪಿಷ್ಟವನ್ನು ಒಡೆಯುತ್ತದೆ. ಹಿಟ್ಟು ಹೆಚ್ಚು ಹಾಕಿದರೂ ಸರಿ ತೆಳುವಾಗಿಯೇ ಇರುತ್ತದೆ, ಅದೇ ಬಟ್ಟಲಿನಲ್ಲಿ ಹೆಚ್ಚು ಸತ್ವ ಒಳಗೆ ಹೋಗುತ್ತದೆ. ನಮ್ಮ ಅಜ್ಜಿಯರು ಕೈಯಿಂದ ಬಲ್ಲ ಈ ವಿದ್ಯೆಯನ್ನು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದವರು ಪ್ರಯೋಗದಿಂದ ವಿವರಿಸಿದ್ದಾರೆ. ಅದಕ್ಕೆ ಒಂದು ಚಮಚ ತುಪ್ಪ, ಬೆಂದ ಹೆಸರುಬೇಳೆ, ವಾರದಲ್ಲಿ ಕೆಲವು ದಿನ ಮೊಟ್ಟೆ ಸೇರಿದರೆ ಡಬ್ಬಿಯ ಪುಡಿಗೆ ಹಣ ತೆರಬೇಕಾಗಿಲ್ಲ. ಆ ಪುಡಿಗಳಲ್ಲಿ ಅನೇಕವು ಸಕ್ಕರೆಯ ಭಾರದಿಂದಲೇ ರುಚಿಯಾಗಿವೆ. ಊಟದ ಹೊತ್ತಿನಲ್ಲಿ ಚಹಾಕ್ಕೆ ಬನ್ನು ಅದ್ದಿಕೊಡುವ ರೂಢಿಯೂ ಹಸಿವನ್ನು ಕೊಲ್ಲುತ್ತದೆ. ಭೇದಿಯೋ ಜ್ವರವೋ ಬಂದುಹೋದ ಮೇಲೆ ಎರಡು ವಾರ ದಿನಕ್ಕೊಂದು ಊಟ ಹೆಚ್ಚಿಗೆ ಕೊಟ್ಟರೆ ಕಳೆದುಕೊಂಡದ್ದು ಬಹುಪಾಲು ಮರಳುತ್ತದೆ.

ಹಾಗೆಂದು ಚಿಕ್ಕ ಮಗುವನ್ನು ಹಟದಿಂದ ಕೊಬ್ಬಿಸುವುದೂ ಸಲ್ಲದು. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಕೂಸುಗಳ ತೂಕವನ್ನು ಬರೆದಿಟ್ಟಿದ್ದರು. ದಶಕಗಳ ಮೇಲೆ ಆ ಕೂಸುಗಳನ್ನು, ಆಗ ನಡುವಯಸ್ಸಿನವರಾಗಿದ್ದವರನ್ನು, ಹುಡುಕಿ ಪರೀಕ್ಷಿಸಿದಾಗ, ಚಿಕ್ಕದಾಗಿ ಹುಟ್ಟಿದವರಲ್ಲಿ ಹೃದ್ರೋಗ ಹೆಚ್ಚಾಗಿ ಕಂಡಿತು. 1996ರಲ್ಲಿ ಇದು ಪ್ರಕಟವಾಯಿತು. ಶೈಶವದಲ್ಲಿ ತೆಳ್ಳಗಿದ್ದು, ಆಮೇಲೆ ಬಾಲ್ಯದಲ್ಲಿ ಬೇಗಬೇಗ ಮೈತುಂಬಿಕೊಂಡವರಿಗೆ ಸಿಹಿಮೂತ್ರದ ಭಯ ಹೆಚ್ಚೆಂದು ದೆಹಲಿಯ ಅಧ್ಯಯನವೊಂದು ತೋರಿಸಿದೆ. ಎತ್ತರದ ಜೊತೆಗೆ ಏರುವ ತೂಕವೇ ನಮಗೆ ಬೇಕಾದದ್ದು. ಸಣ್ಣ ಕೂಸಿನ ಹಿಂದೆ ಹೆಣ್ಣಾಗಿ ಹುಟ್ಟಿದ್ದರಿಂದ ಅರೆಹೊಟ್ಟೆ ಉಂಡು ಬೆಳೆದ ತಾಯಿಯೊಬ್ಬಳಿರುವುದೂ ಉಂಟು. ಸೊಸೆಯನ್ನು ದೂರುವ ಮನೆ ತನ್ನ ಮೊಮ್ಮಗಳ ತಟ್ಟೆಯನ್ನು ಒಮ್ಮೆ ನೋಡಲಿ.

ಊಟ ಚೆನ್ನಾಗಿದ್ದೂ ಗೆರೆ ಮೇಲೇರದಿದ್ದರೆ ವೈದ್ಯರ ಬಳಿಗೆ ಹೋಗಲೇಬೇಕು. ಮಂಕುತನ, ಮಲಬದ್ಧತೆ, ಒಣಗಿದ ಚರ್ಮ, ಇವುಗಳ ಜೊತೆ ಎತ್ತರ ನಿಂತುಹೋದರೆ ಥೈರಾಯಿಡ್ ಗ್ರಂಥಿ ಸೋತಿರಬಹುದು. ಇದು ಹುಟ್ಟಿನಿಂದಲೇ ಇದ್ದರೆ ಮೊದಲ ಕೆಲವು ವಾರಗಳಲ್ಲಿ ಕಂಡುಹಿಡಿದು ದಿನಕ್ಕೊಂದು ಅಗ್ಗದ ಗುಳಿಗೆ ಕೊಟ್ಟರೆ ಮಗುವಿನ ಬುದ್ಧಿಯೂ ಉಳಿಯುತ್ತದೆ. ತಡವಾದರೆ ಎತ್ತರ ಬಂದರೂ ಬುದ್ಧಿ ಮರಳುವುದಿಲ್ಲ. ಹೆಣ್ಣುಮಗು ಕಾರಣವಿಲ್ಲದೆ ಬಹಳ ಗಿಡ್ಡವಾಗಿದ್ದರೆ ವರ್ಣತಂತುಗಳ ಪರೀಕ್ಷೆ ಬೇಕಾದೀತು. ನಾಲ್ಕು ವರ್ಷದ ಮೇಲೆ ವರ್ಷಕ್ಕೆ ಐದು ಸೆಂಟಿಮೀಟರೂ ಬೆಳೆಯದ ಮಗುವನ್ನು, ಅದು ಎಷ್ಟೇ ಚುರುಕಾಗಿರಲಿ, ತೋರಿಸಬೇಕು.

ಅಳೆಯುವಾಗ ಎರಡು ವರ್ಷದವರೆಗೆ ಮಲಗಿಸಿ, ಆಮೇಲೆ ನಿಲ್ಲಿಸಿ ಅಳೆಯಿರಿ. ಬರಿಗಾಲು, ಗೋಡೆಗೆ ತಾಗಿದ ಹಿಮ್ಮಡಿ, ತಲೆಯ ಮೇಲೆ ಮಟ್ಟಸವಾಗಿಟ್ಟ ಪುಸ್ತಕ, ಇಷ್ಟು ಸಾಕು. ಆರು ತಿಂಗಳಿಗೊಮ್ಮೆ, ಒಂದೇ ಹೊತ್ತಿನಲ್ಲಿ ಅಳೆಯುವುದು ಮೇಲು. ಸಂಜೆಗೆ ಎಲ್ಲರೂ ಬೆಳಗಿಗಿಂತ ಕೊಂಚ ಕುಗ್ಗಿರುತ್ತಾರೆ. ಆ ಚೀಟಿ, ತಾಯಿ ಕಾರ್ಡು, ತಂದೆತಾಯಿಗಳ ಎತ್ತರ, ತಂದೆಗೆ ಗಡ್ಡಮೀಸೆ ಎಷ್ಟನೆಯ ವಯಸ್ಸಿಗೆ ಬಂತೆಂಬ ನೆನಪು, ಇಷ್ಟನ್ನು ಒಯ್ದರೆ ವೈದ್ಯರ ಅರ್ಧ ಕೆಲಸ ಮುಗಿದಂತೆ. ಕೆಲವು ಮನೆಗಳಲ್ಲಿ ಗಂಡಸರು ಹದಿನಾರರವರೆಗೆ ಚಿಕ್ಕವರಾಗಿಯೇ ಇದ್ದು ಆಮೇಲೆ ಒಮ್ಮೆಲೇ ಬೆಳೆಯುತ್ತಾರೆ. ಅಂಥ ಹುಡುಗನಿಗೆ ಕಾಯುವುದೇ ಔಷಧಿ. ಎಡಗೈ ಮಣಿಕಟ್ಟಿನ ಎಕ್ಸ್‌ರೇ ತೆಗೆದರೆ ಮೂಳೆಗಳು ಇನ್ನೂ ಎಷ್ಟು ಬೆಳೆಯಬಲ್ಲವೆಂದು ತಿಳಿಯುತ್ತದೆ. ಹುಡುಗಿಯರಲ್ಲಿ ಈ ಅವಧಿ ಬೇಗ ತೀರುತ್ತದೆ; ಮೊದಲ ಮುಟ್ಟಿನ ಅನಂತರ ಸಾಮಾನ್ಯವಾಗಿ ಐದಾರು ಸೆಂಟಿಮೀಟರು ಮಾತ್ರ ಉಳಿದಿರುತ್ತದೆ. ಆದ್ದರಿಂದ ಮಗಳ ಎತ್ತರದ ಬಗ್ಗೆ ಅನುಮಾನವಿದ್ದವರು ಅವಳ ಎಂಟು ಒಂಬತ್ತನೆಯ ವಯಸ್ಸಿನೊಳಗೇ ವೈದ್ಯರನ್ನು ಕಾಣಬೇಕು.