ಪ್ರಾಸ್ಟೇಟ್ ಕ್ಯಾನ್ಸರ್: ವಿಕಿರಣ ಚಿಕಿತ್ಸೆಯಲ್ಲಿ ಒಂದು ಸೆಂಟಿಮೀಟರ್ ಅಂತರದ ಮಹತ್ವ

ಪ್ರಾಸ್ಟೇಟ್ ಪುರುಷರ ದೇಹದಲ್ಲಿರುವ ಸಣ್ಣ ಗ್ರಂಥಿ. ಮೂತ್ರಕೋಶದ ಕೆಳಗೆ, ಗುದನಾಳದ ಮುಂಭಾಗದಲ್ಲಿ ಇದರ ಸ್ಥಾನ. ಗ್ರಂಥಿಗೂ ಗುದನಾಳಕ್ಕೂ ನಡುವೆ ಕೆಲವೇ ಮಿಲಿಮೀಟರ್ ಅಂತರ. ಕ್ಯಾನ್ಸರಿಗೆ ವಿಕಿರಣ ನೀಡುವಾಗ ವೈದ್ಯರಿಗೆ ಎದುರಾಗುವ ಕಷ್ಟ ಇದೇ. ವಿಕಿರಣ ಕಡಿಮೆಯಾದರೆ ರೋಗ ಉಳಿಯಬಹುದು; ಗುದನಾಳಕ್ಕೆ ಹೆಚ್ಚು ತಗಲಿದರೆ ಉರಿ, ಭೇದಿ, ವರ್ಷಗಳ ನಂತರವೂ ಮಲದಲ್ಲಿ ರಕ್ತ ಕಾಣಿಸಬಹುದು.

ಚಿತ್ರಣ ಏಕೆ?

ವಿಕಿರಣದ ಪ್ರಮಾಣವನ್ನು ಲೆಕ್ಕ ಹಾಕಲು ಸಿ.ಟಿ. ಸ್ಕ್ಯಾನ್ ಬೇಕು. ಆದರೆ ಅದರಲ್ಲಿ ಗ್ರಂಥಿಯ ಗಡಿ ಸ್ಪಷ್ಟವಾಗಿ ಕಾಣುವುದಿಲ್ಲ. ಗ್ರಂಥಿಯನ್ನು ಇರುವುದಕ್ಕಿಂತ ದೊಡ್ಡದಾಗಿ ಗುರುತಿಸುವ ಸಂಭವವಿದೆ. ಎಂ.ಆರ್.ಐ. ಈ ಗಡಿಯನ್ನು ಚೆನ್ನಾಗಿ ತೋರಿಸುತ್ತದೆ. ಆದುದರಿಂದ ಎರಡೂ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಹೊಂದಿಸಿ ಯೋಜನೆ ತಯಾರಿಸುತ್ತಾರೆ. ರೋಗ ಬೇರೆಡೆಗೆ ಹರಡಿದೆಯೇ ಎಂದು ತಿಳಿಯಲು ಪಿ.ಎಸ್.ಎಂ.ಎ. ಪೆಟ್ ಸ್ಕ್ಯಾನ್ ನೆರವಾಗುತ್ತದೆ. ಆಸ್ಟ್ರೇಲಿಯಾದಲ್ಲಿ ರೋಗ ಹರಡುವ ಅಪಾಯ ಹೆಚ್ಚಿದ್ದ 302 ಪುರುಷರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇದರ ನಿಖರತೆ ಶೇ. 92 ಇದ್ದರೆ, ಸಾಮಾನ್ಯ ಸಿ.ಟಿ. ಮತ್ತು ಮೂಳೆ ಸ್ಕ್ಯಾನಿನದ್ದು ಶೇ. 65 ಆಗಿತ್ತು.

ಜೆಲ್ ಏನು ಮಾಡುತ್ತದೆ?

ಚಿಕಿತ್ಸೆ ಆರಂಭಿಸುವ ಮೊದಲು, ಅಲ್ಟ್ರಾಸೌಂಡ್ ನೋಡುತ್ತಾ, ಗ್ರಂಥಿ ಮತ್ತು ಗುದನಾಳದ ನಡುವೆ ಸೂಜಿಯ ಮೂಲಕ ಜೆಲ್ ತುಂಬಿಸುತ್ತಾರೆ. ಸುಮಾರು ಒಂದು ಸೆಂಟಿಮೀಟರ್ ಅಂತರ ಉಂಟಾಗಿ ಗುದನಾಳ ಹಿಂದೆ ಸರಿಯುತ್ತದೆ. ಈ ಹೈಡ್ರೋಜೆಲ್ ಸುಮಾರು ಮೂರು ತಿಂಗಳು ಹಾಗೆಯೇ ಉಳಿದು, ನಂತರ ದೇಹದಲ್ಲಿ ಕರಗಿ ಹೋಗುತ್ತದೆ. ಅಮೆರಿಕಾದಲ್ಲಿ ಇದಕ್ಕೆ 2015ರಲ್ಲಿ ಅನುಮತಿ ದೊರೆಯಿತು. ಅಲ್ಲಿ 222 ಮಂದಿಯ ಮೇಲೆ ನಡೆದ ಪರೀಕ್ಷೆಯಲ್ಲಿ, ಮೂರು ವರ್ಷಗಳ ಬಳಿಕ ಗುದನಾಳದ ತೊಂದರೆ ಜೆಲ್ ಇಲ್ಲದವರಲ್ಲಿ ಸುಮಾರು ಶೇ. 9, ಜೆಲ್ ಪಡೆದವರಲ್ಲಿ ಶೇ. 2 ಇತ್ತು.

ಎಲ್ಲರಿಗೂ ಬೇಕೇ?

ಇಲ್ಲ. ಜೆಲ್ ಕ್ಯಾನ್ಸರನ್ನು ಗುಣಪಡಿಸುವುದಿಲ್ಲ. ಪಕ್ಕದ ಅಂಗವನ್ನು ಕಾಪಾಡುತ್ತದೆ ಅಷ್ಟೆ. ಮೇಲಿನ ಅಂಕಿಗಳೇ ಹೇಳುವಂತೆ, ಜೆಲ್ ಇಲ್ಲದೆಯೂ ಹೆಚ್ಚಿನವರಿಗೆ ದೊಡ್ಡ ತೊಂದರೆ ಆಗುವುದಿಲ್ಲ. ಗಡ್ಡೆ ಗ್ರಂಥಿಯ ಹಿಂಭಾಗ ದಾಟಿ ಬೆಳೆದಿದ್ದರೆ ಇದು ಸಾಮಾನ್ಯವಾಗಿ ಸೂಕ್ತವಲ್ಲ. ಅಪರೂಪಕ್ಕೆ ಸೋಂಕು ಅಥವಾ ಗುದನಾಳದ ಗೋಡೆಗೆ ಗಾಯವಾದದ್ದೂ ಇದೆ. ಖರ್ಚೂ ಹೆಚ್ಚು. ಆದುದರಿಂದ ಜೆಲ್ ಸಿಗಲಿಲ್ಲವೆಂದು ಚಿಕಿತ್ಸೆಯನ್ನು ಮುಂದೂಡುವುದು ಸರಿಯಲ್ಲ.

ನಮ್ಮ ಹಿರಿಯರು ನಾಚಿಕೆಯಿಂದ ಇಂತಹ ವಿಷಯಗಳನ್ನು ಮುಚ್ಚಿಡುವುದುಂಟು. ವೈದ್ಯರಲ್ಲಿಗೆ ಹೋಗುವಾಗ ಮನೆಯವರೊಬ್ಬರು ಜೊತೆಗಿರಲಿ. ಎಂ.ಆರ್.ಐ. ಆಧಾರದಲ್ಲಿ ಯೋಜನೆ ಮಾಡುತ್ತೀರಾ, ಜೆಲ್ ನನಗೆ ಪ್ರಯೋಜನವೇ, ಖರ್ಚೆಷ್ಟು ಎಂಬ ಮೂರು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಿರಿ.