ಆರದ ಸಂಕೇತ, ನಿಲ್ಲದ ಕಲೆ

ಗಾಯ ಮಾಯ್ದಲ್ಲಿ ಕಲೆಯುಳಿಯುವುದು ಸಹಜ. ಆದರೆ ಕೆಲವರಲ್ಲಿ ಕಿವಿ ಚುಚ್ಚಿದ ಕಿರಿಯ ತೂತೂ ತಿಂಗಳುಗಳ ತರುವಾಯ ನೆಲ್ಲಿಕಾಯಿಯಷ್ಟು ಗಂಟಾಗಿ ಬೆಳೆಯುವುದುಂಟು. ಗಾಯದ ಎಲ್ಲೆಯನ್ನು ಮೀರಿ ಹಬ್ಬುವ ಇಂತಹ ಕಲೆಗೆ ಕೆಲಾಯ್ಡ್ ಎಂದು ಹೆಸರು.

ಇದು ಹೇಗಾಗುತ್ತದೆ? ಚರ್ಮ ಹರಿದೊಡನೆ ಬಿಳಿಯ ರಕ್ತಕಣಗಳು ಅಲ್ಲಿ ನೆರೆದು ಇಂಟರ್‌ಲ್ಯೂಕಿನ್-6, ಟಿಜಿಎಫ್-ಬೀಟಾ ಮೊದಲಾದ ಪ್ರೋಟೀನುಗಳನ್ನು ಸ್ರವಿಸುತ್ತವೆ. ಇವೇ ಸಂಕೇತಗಳು. ಇವನ್ನು ಗ್ರಹಿಸಿದ ಫೈಬ್ರೊಬ್ಲಾಸ್ಟ್ ಎಂಬ ಜೀವಕೋಶಗಳು ಕೊಲಾಜೆನ್ ನಾರನ್ನು ನೆಯ್ದು ಬಿರುಕನ್ನು ಮುಚ್ಚುತ್ತವೆ. ಕಾಪುವಿನ ಕಡಲಬಂಡೆಯ ಮೇಲೆ 1901ರಿಂದ ನಿಂತಿರುವ ದೀಪಸ್ತಂಭವು ಇರುಳೆಲ್ಲ ಸಂಕೇತವಿತ್ತು, ಬೆಳಗಾಗುತ್ತಲೇ ಸುಮ್ಮನಾಗುವುದಷ್ಟೆ. ಚರ್ಮದ ಸಂಕೇತವೂ ಕೆಲಸ ಮುಗಿದೊಡನೆ ಆರಬೇಕು. ಕೆಲಾಯ್ಡಿನಲ್ಲಿ ಅದು ಆರದು. ಚರ್ಮದ ಒಳಪದರದಲ್ಲಿ ಉರಿಯೂತವು ಉಳಿದು, ನಾರಿನ ನೇಯ್ಗೆ ಸಾಗುತ್ತಲೇ ಇರುತ್ತದೆ. ಎದೆ, ಭುಜಗಳಂತೆ ಚರ್ಮವು ಸದಾ ಎಳೆತಕ್ಕೊಳಗಾಗುವ ಎಡೆಗಳಲ್ಲಿ ಇದು ಹೆಚ್ಚು. ಎಳೆತವೂ ಉರಿಯೂತವನ್ನು ಕೆರಳಿಸುತ್ತದೆ.

ಆದುದರಿಂದ ಗಂಟನ್ನು ಕೊಯ್ದು ತೆಗೆದ ಮಾತ್ರಕ್ಕೆ ರೋಗ ಮುಗಿಯದು. ಕೊಯ್ತವೂ ಹೊಸ ಗಾಯವೇ. ಅನೇಕ ವೇಳೆ ಗಂಟು ಮೊದಲಿಗಿಂತ ದೊಡ್ಡದಾಗಿ ಮರಳಿ ಬರುತ್ತದೆ. ಉರಿಯೂತವನ್ನು ತಣಿಸುವ ಸ್ಟೀರಾಯ್ಡ್ ಮದ್ದನ್ನು ವೈದ್ಯರು ಗಂಟಿಗೇ ಚುಚ್ಚುವುದು ಇದಕ್ಕಾಗಿಯೇ. ಕೆಲಾಯ್ಡ್ ಅನೇಕ ಮನೆತನಗಳಲ್ಲಿ ವಂಶದೊಡನೆ ಸಾಗಿಬರುವುದರಿಂದ, ಮನೆಯಲ್ಲಿ ಯಾರಿಗಾದರೂ ಇಂತಹ ಕಲೆಯಿದ್ದಲ್ಲಿ ಮಗುವಿನ ಕಿವಿ ಚುಚ್ಚಿಸುವ ಮುನ್ನ ವೈದ್ಯರನ್ನು ಕೇಳುವುದು ವಿವೇಕ.